ಮೇಲಿನ ಅರ್ಧ

ಬೇರೆ ಊರ ಪ್ರಯೋಗಶಾಲೆಗಳಲ್ಲಿ
ಈ ಮೀನಿಗೆ ನೀರು ಬೆಚ್ಚಗೆ ಮಾಡುತ್ತಾರಂತೆ.
ನಾವು ರಾಯಚೂರಿನವರು.
ಮೇ ತಿಂಗಳಲ್ಲಿ ಸೋಡಾ ಬಾಟಲಿಯೊಳಗೆ ನೀರು ಹೆಪ್ಪುಗಟ್ಟಿಸಿ
ತೊಟ್ಟಿಯಲ್ಲಿ ತೇಲಿಬಿಟ್ಟು
ಇಪ್ಪತ್ತೆಂಟು ಡಿಗ್ರಿಗೆ ಇಳಿಸಲು ಹೆಣಗುತ್ತೇವೆ.
ಇಪ್ಪತ್ತು ಕಿಲೋಮೀಟರಿನಾಚೆ ಕಲ್ಲಿದ್ದಲು ಉರಿದು
ನಾಡಿಗೆಲ್ಲ ಬೆಳಕಾಗುತ್ತದೆ;
ನಮ್ಮ ಫ್ಯಾನು ಮಧ್ಯಾಹ್ನ ಎರಡಕ್ಕೆ ನಿಲ್ಲುತ್ತದೆ.

ಮೀನು, ಕಿರುಬೆರಳ ಎರಡು ಗೆಣ್ಣಿನಷ್ಟು.
ಮೈಮೇಲೆ ನೀಲಿ ಗೆರೆ, ತಲೆಯಿಂದ ಬಾಲದವರೆಗೆ,
ಯಾರೋ ಕಾಪಿ ಪುಸ್ತಕದ ಹಾಳೆ ಹರಿದು
ಏನೂ ಬರೆಯದೆ ನೀರಿಗೆ ಬಿಟ್ಟ ಹಾಗೆ.
ಕೋಲ್ಕತ್ತದಿಂದ ರೈಲಿನಲ್ಲಿ, ಆಮ್ಲಜನಕ ತುಂಬಿದ ಚೀಲದಲ್ಲಿ,
ಬಿಲ್ಲಿನ ಸಮೇತ ಬಂದವು.
ಚೀಲ ಬಿಚ್ಚಿದ ಉಸೇನಪ್ಪ ನಕ್ಕ:
‘ಇವಕ್ಕ ರೊಕ್ಕ ಕೊಟ್ರೇನ್ರಿ ಮೇಡಮ್ಮೋರ?
ನಮ್ಮ ಮಾನ್ವಿ ಕಾಲುವ್ಯಾಗ
ಟುವಾಲ ಹಾಸಿದ್ರ ಬೊಗಸಿ ತುಂಬ ಬರ್ತಿದ್ವು.’
ಹೆಸರೇನು ಅಂದೆ.
‘ಹೆಸರಿಡೋವಷ್ಟು ದೊಡ್ಡವು ಅಲ್ರಿ ಅವು.’

ಪರೀಕ್ಷೆ ಸರಳ.
ಹೊಸ ತೊಟ್ಟಿ, ಆರು ನಿಮಿಷ,
ಗಾಜಿನ ನಡುಮಧ್ಯ ಒಂದು ಗೆರೆ.
ಅಂಜಿದ ಮೀನು ತಳ ಹಿಡಿಯುತ್ತದೆ.
ಅಂಜಿಕೆ ಬಿಟ್ಟದ್ದು ಗೆರೆ ದಾಟಿ ಮೇಲೇರುತ್ತದೆ.
ಮೇಲಿನ ಅರ್ಧದಲ್ಲಿ ಎಷ್ಟು ಸೆಕೆಂಡು,
ಅದೇ ನನ್ನ ಮೂರು ವರ್ಷ.

ಡಯಜೆಪಾಮ್ ಬೆರೆಸಿದ ನೀರಿನಿಂದ ಬಂದ ಹದಿನೇಳನೆಯದು
ಗೆರೆಯೇ ಇಲ್ಲವೆಂಬಂತೆ ಮೇಲೆ ಹೋಯಿತು,
ನೀರಿನ ತೊಗಲಿಗೆ ಬೆನ್ನು ತಾಗಿಸಿ ಅಡ್ಡಾಡಿತು
ಊರ ಗೌಡನ ಹಾಗೆ.
ಮುನ್ನೂರ ಹನ್ನೆರಡು ಸೆಕೆಂಡು.
ಖುಷಿಯಿಂದ ಬರೆದುಕೊಂಡೆ.
ಉಸೇನಪ್ಪ ಬಲೆ ತೊಳೆಯುತ್ತ ಅಂದ:
‘ಕಾಲುವ್ಯಾಗಾಗಿದ್ರ
ಇಷ್ಟೊತ್ತಿಗೆ ಮಿಂಚುಳ್ಳಿ ಎತ್ತಿಕೊಂಡು ಹೋಗಿರ್ತಿತ್ತು.’

ಅವನಿಗೆ ಆ ಪುಡಿ ಗೊತ್ತು.
ಮರದಿಂದ ಇಳಿದದ್ದು ಮಗ್ಗಿಗೆ ಬರುವ ಹೊತ್ತಿಗೆ
ಅದರಲ್ಲಿ ಈಚಲು ಎಷ್ಟು, ಪುಡಿ ಎಷ್ಟು,
ಮಾರಿದವರು ಹೇಳಿರಲಿಲ್ಲ, ಕುಡಿದವರು ಕೇಳಿರಲಿಲ್ಲ.
ಒಂಬತ್ತು ವರ್ಷ ಸೇಂದಿ.
ಹಳಿಯ ಮೇಲೆ ಮಲಗಿದ್ದೆ,
ಗುಂತಕಲ್ ಗಾಡಿ ಪಕ್ಕದ ಹಳಿ ಹಿಡಿಯಿತು,
ಎನ್ನುತ್ತಾನೆ, ಪಗಾರದ ಲೆಕ್ಕ ಹೇಳುವ ದನಿಯಲ್ಲಿ.
‘ಅಂಜಿಕಿ ಅನ್ನೂದೇ ಇರಲಿಲ್ರಿ. ಅದಕ್ಕ ಈಗ ಅಂಜಿಕಿ.’

ಎರಡನೆಯ ಹಂತ: ನಿಲ್ಲಿಸುವುದು.
ಹದಿನಾಲ್ಕು ದಿನ ಕೊಟ್ಟು, ಹದಿನೈದನೆಯ ದಿನ ಬರೀ ನೀರು.
ಹದಿನೇಳನೆಯದು ಈಗ ತಳದ ಮೂಲೆಯಲ್ಲಿ,
ಕಿವಿರು ಮಾತ್ರ ಬಡಿಯುತ್ತ.
ಒಮ್ಮೆ ದಿಢೀರನೆ ಗಾಜಿಗೆ ಹಾಯ್ದು
ಮತ್ತೆ ಮೂಲೆ.
ಮೇಲಿನ ಅರ್ಧ: ಸೊನ್ನೆ.
ಒಳ್ಳೆಯ ಸೊನ್ನೆ. ಗ್ರಾಫಿನಲ್ಲಿ ಚೆಂದ ಕಾಣುವ ಸೊನ್ನೆ.

ಉಸೇನಪ್ಪ ನನ್ನ ಹಿಂದೆ ನಿಂತಿದ್ದ,
ಎರಡೂ ಕೈ ಕಂಕುಳಲ್ಲಿ ಸಿಗಿಸಿ.
ಕುಡಿತ ಬಿಟ್ಟ ವಾರಗಳಲ್ಲಿ
ಹಾಗೆ ಸಿಗಿಸಿಕೊಂಡೇ ಮಲಗಿದ್ದನೇನೋ.
ಮೌಲಮ್ಮ ಕಿಟಕಿಗೆ ಕೌದಿ ಕಟ್ಟಿದ್ದಳಂತೆ,
ದವಾಖಾನೆಯವರಿಗೂ ಹೊಳೆಯದ್ದು ಅವಳಿಗೆ ಹೊಳೆದು.
‘ಲೈಟ್ ಚುಚ್ಚತದ್ರಿ ಆಗ,’ ಅಂದ.
ಅಷ್ಟೇ. ಬೇಡಿಕೆ ಅಲ್ಲ, ಬೈಗುಳವೂ ಅಲ್ಲ.

ನಿಯಮಾವಳಿ, ಪುಟ ನಾಲ್ಕು: ಬೆಳಕು ಬದಲಾಗಕೂಡದು.
ಮೂರನೆಯ ನಿಮಿಷದಲ್ಲಿ
ಸ್ವಿಚ್ಚಿನ ಮೇಲೆ ಬೆರಳಿಟ್ಟೆ.
ಕಿಟಕಿಯಿಲ್ಲದ ಕೋಣೆ.
ಕ್ಯಾಮರಾದ ಕೆಂಪು ಚುಕ್ಕೆ,
ನೀರಿನ ಸಣ್ಣ ಸದ್ದು,
ನಮ್ಮಿಬ್ಬರ ಉಸಿರು.
ಮೀನು ಏನು ಮಾಡಿತೋ ನೋಡಲಿಲ್ಲ,
ನೋಡುವ ಹಾಗೂ ಇರಲಿಲ್ಲ.

ಷರಾ ಕಾಲಮ್ಮಿನಲ್ಲಿ ಬರೆದೆ:
ಕರೆಂಟು ಹೋಯಿತು, ರೀಡಿಂಗ್ ಅಸಿಂಧು.
ಗೈಡು ಸಹಿ ಹಾಕಿದರು, ತಲೆ ಎತ್ತದೆ.
ರಾಯಚೂರಿನಲ್ಲಿ
ಅದನ್ನು ಯಾರೂ ಎರಡು ಸಲ ಕೇಳುವುದಿಲ್ಲ.